ಬಿಡಿಭಾಗಕ್ಕೆ ಬೆಲೆ ಉಂಟು, ದೋಷ ಪತ್ತೆಗೆ?

ಯಂತ್ರಗಳಿಗೆ ಬರುವ ದೋಷಗಳಲ್ಲಿ ಎರಡು ಬಗೆ. ಬಂದು ಅಲ್ಲಿಯೇ ನೆಲೆಯೂರುವುದು ಒಂದು, ಬಂದು ಹೋಗುವುದು ಇನ್ನೊಂದು. ಮೊದಲನೆಯದನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಅದು ಕಣ್ಣೆದುರಿಗೇ ಇರುತ್ತದೆ. ಎರಡನೆಯದು ಹಿಂದಿನ ಕಾಲದ ಚಳಿಜ್ವರದಂತೆ. ವೈದ್ಯರು ಮನೆಗೆ ಬರುವ ಹೊತ್ತಿಗೆ ರೋಗಿ ಜಗುಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿರುತ್ತಾನೆ. ಬಲ್ಲ ವೈದ್ಯರು ಅವನಿಗೆ ಏನೂ ಆಗಿಲ್ಲವೆಂದು ಹೇಳಿ ಹೊರಟುಬಿಡುತ್ತಿರಲಿಲ್ಲ. ಜ್ವರ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಹೊತ್ತಿಗೆ ನಡುಕ ಹುಟ್ಟುತ್ತದೆ ಎಂದು ಕೇಳುತ್ತಿದ್ದರು. ಬರುವ ಕ್ರಮದಲ್ಲಿಯೇ ರೋಗದ ಗುರುತು ಅಡಗಿರುತ್ತಿತ್ತು.

ಹಳೆಯ ಮೋಟಾರು ಸೈಕಲ್ಲುಗಳ ವಿದ್ಯುತ್ ದೋಷಗಳೂ ಹೀಗೆಯೇ. ನಮ್ಮ ಮೈಸೂರು ಸೀಮೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ 1961ರಿಂದ ಜಾವಾ ಗಾಡಿಗಳನ್ನೂ 1973ರಿಂದ ಯೆಜ್ಡಿ ಎಂಬ ಹೆಸರಿನ ಗಾಡಿಗಳನ್ನೂ ತಯಾರಿಸಿತು; 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಹೋದರೂ ಗಾಡಿಗಳು ಉಳಿದವು. ತಂದೆಯದೋ ಮಾವನದೋ ನೆನಪಿಗಾಗಿ ಅವನ್ನು ಇಟ್ಟುಕೊಂಡವರು ನಿಮ್ಮಲ್ಲಿಯೂ ಹಲವರಿದ್ದೀರಿ. ಮೂವತ್ತು, ಐವತ್ತು ವರ್ಷ ಬಾಳಿದ ತಂತಿ ಒಳಗೇ ತುಂಡಾದರೆ, ಜೋಡಣೆ ತುಕ್ಕು ಹಿಡಿದರೆ ಅದು ವಯೋಧರ್ಮವೇ ಹೊರತು ತಯಾರಿಸಿದವರ ತಪ್ಪಲ್ಲ. ಆದರೆ ಆ ದೋಷವನ್ನು ಇಂದು ನಾವು ಹುಡುಕುತ್ತಿರುವ ರೀತಿ ಸರಿಯಿಲ್ಲ ಎಂಬುದು ನನ್ನ ತಕರಾರು. ಅದರಲ್ಲಿ ಮೆಕ್ಯಾನಿಕ್ಕುಗಳ ಪಾಲಿಗಿಂತ ಗಾಡಿಯ ಒಡೆಯರಾದ ನಮ್ಮ ಪಾಲೇ ಹೆಚ್ಚು.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೀರಿಹೋದ ತನ್ನ ತಂದೆಯ ಗಾಡಿಯನ್ನು ಅಕ್ಕರೆಯಿಂದ ಬಿಚ್ಚಿಸಿ, ಚಾಸಿಸ್ಸಿಗೆಲ್ಲ ಹೊಸ ಬಣ್ಣ ಹೊಡೆಸಿದ. ಡೈನಮೋ ಇರುವ, 6 ವೋಲ್ಟ್ ಬ್ಯಾಟರಿಯ ಹಳೆಯ ಮಾದರಿ. ಕೆಲವು ವಾರಗಳ ನಂತರ ಅದು ಎಲ್ಲೆಂದರಲ್ಲಿ ನಿಲ್ಲತೊಡಗಿತು. ಒಂದು ರಾತ್ರಿ ಮಗಳನ್ನು ಹಿಂದೆ ಕೂರಿಸಿಕೊಂಡು ಬರುವಾಗ, ರಸ್ತೆಯ ಉಬ್ಬಿನ ಮೇಲೆ ಇಂಜಿನ್ನೂ ದೀಪವೂ ಒಟ್ಟಿಗೆ ಹೋದವು. ಹಿಂದಿನಿಂದ ಬರುತ್ತಿದ್ದ ಲಾರಿಯ ಚಾಲಕ ಎಚ್ಚರವಾಗಿದ್ದನೆಂದು ಇಬ್ಬರೂ ಉಳಿದರು. ಮೂರು ಗ್ಯಾರೇಜುಗಳನ್ನು ಸುತ್ತಿದ್ದಾಯಿತು. ಒಂದೆಡೆ ಇಗ್ನಿಷನ್ ಕಾಯಿಲ್, ಇನ್ನೊಂದೆಡೆ ಪಾಯಿಂಟ್ ಮತ್ತು ಕಂಡೆನ್ಸರ್, ಮತ್ತೊಂದೆಡೆ ಬ್ಯಾಟರಿ ಬದಲಾದವು. ಪ್ರತಿ ಸಲವೂ ಗ್ಯಾರೇಜಿನ ಮುಂದೆ ಗಾಡಿ ಚೆನ್ನಾಗಿಯೇ ನಡೆಯಿತು. ಮತ್ತೆ ಯಾವುದೋ ಉಬ್ಬಿನ ಮೇಲೆ ನಿಂತಿತು. ಹೆಂಡತಿ ಅದನ್ನು ಗುಜರಿಗೆ ಕೊಟ್ಟುಬಿಡಿ ಎಂದರು. ಮಗಳ ಪ್ರಾಣದ ಮಾತು ಬಂದ ಮೇಲೆ ಅವನೂ ಒಪ್ಪಿದ್ದ.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಬಳಿಗೆ ಹೋದ. ನಾನೂ ಜೊತೆಗಿದ್ದೆ. ಆ ಮನುಷ್ಯ ಸ್ಪ್ಯಾನರನ್ನು ಮುಟ್ಟಲಿಲ್ಲ. ಒಂದು ಬೀಡಿ ಹಚ್ಚಿಕೊಂಡು ಪ್ರಶ್ನೆ ಕೇಳಲು ತೊಡಗಿದರು.

"ಇಂಜಿನ್ ಮಾತ್ರ ನಿಲ್ಲುತ್ತಾ, ಲೈಟೂ ಹಾರ್ನೂ ಹೋಗುತ್ತಾ?"

"ಎಲ್ಲಾ ಒಟ್ಟಿಗೇ ಹೋಗುತ್ತೆ."

"ಜೋರಾಗಿ ಹೋಗೋವಾಗ ನಿಂತಿದ್ದುಂಟಾ?"

ಅವನು ಯೋಚಿಸಿ, "ಇಲ್ಲ, ಉಬ್ಬು ಬಂತು ಅಂತ ನಿಧಾನ ಮಾಡಿದಾಗಲೇ" ಎಂದ.

"ಯಾವಾಗಿಂದ ಶುರುವಾಯ್ತು? ಅದಕ್ಕೆ ಮುಂಚೆ ಗಾಡಿಗೆ ಏನು ಮಾಡಿಸಿದ್ರಿ?"

ಬಣ್ಣದ ವಿಷಯ ಹೊರಬಂದದ್ದು ಆಗ. ಅವರು ಸೀಟನ್ನು ಎತ್ತಿ, ಬ್ಯಾಟರಿಯಿಂದ ಚಾಸಿಸ್ಸಿಗೆ ಹೋಗುವ ಅರ್ಥಿಂಗ್ ತಂತಿಯ ಬೋಲ್ಟನ್ನು ಬಿಚ್ಚಿದರು. ಅದರ ಕೆಳಗೆ ಹೊಸ ಬಣ್ಣ ಹೊಳೆಯುತ್ತಿತ್ತು. ಬಣ್ಣದ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಅಷ್ಟಿಷ್ಟು ಹಾದುಹೋಗುತ್ತಿತ್ತು. ಗಾಡಿ ಕುಲುಕಿದಾಗ ಅದೂ ತಪ್ಪುತ್ತಿತ್ತು.

ಆ ಪ್ರಶ್ನೆಗಳ ಹಿಂದಿನ ತರ್ಕವನ್ನು ನೀವು ಗಮನಿಸಬೇಕು. ಇಂಜಿನ್ ಮಾತ್ರ ನಿಂತು ದೀಪ ಉರಿಯುತ್ತಿದ್ದರೆ ಸಂದೇಹ ಕಾಯಿಲ್, ಪಾಯಿಂಟ್, ಕಂಡೆನ್ಸರ್‌ಗಳ ಕಡೆಗೆ ತಿರುಗಬೇಕು. ಎಲ್ಲವೂ ಒಟ್ಟಿಗೆ ಹೋದರೆ ಎಲ್ಲಕ್ಕೂ ಸಮಾನವಾದ ದಾರಿಯನ್ನು ನೋಡಬೇಕು: ಬ್ಯಾಟರಿಯ ತುದಿಗಳು, ಫ್ಯೂಸು, ಕೀಲಿಯ ಸ್ವಿಚ್ಚು, ಅರ್ಥಿಂಗ್. ಇನ್ನು ವೇಗದ ಪ್ರಶ್ನೆ. ಇಂಜಿನ್ ಜೋರಾಗಿ ತಿರುಗುವಾಗ ಡೈನಮೋ ತಾನೇ ವಿದ್ಯುತ್ತನ್ನು ಒದಗಿಸುತ್ತದೆ. ವೇಗ ತಗ್ಗಿದಾಗ ಅದರ ಶಕ್ತಿ ಸಾಲದೆ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ನಿಧಾನವಾದಾಗ ಮಾತ್ರ ನಿಲ್ಲುವ ಗಾಡಿಯಲ್ಲಿ ಡೈನಮೋ ಸರಿಯಿದ್ದು, ಬ್ಯಾಟರಿಯ ದಾರಿಯಲ್ಲಿ ಕೊರತೆಯಿರಬೇಕು ಎಂದಾಯಿತು. ಮೂರು ಪ್ರಶ್ನೆಗಳಲ್ಲಿ ದೋಷದ ಜಾಗ ಒಂದು ಗೇಣಿನಷ್ಟಕ್ಕೆ ಇಳಿದಿತ್ತು.

ಮಲ್ಟಿಮೀಟರ್ ಇಲ್ಲವೇ, ಅದರಿಂದ ನೋಡಿದರಾಗದೆ ಎಂದು ನೀವು ಕೇಳಬಹುದು. ಹಿಂದಿನ ಗ್ಯಾರೇಜೊಂದರಲ್ಲಿ ಅದರಿಂದಲೂ ನೋಡಿದ್ದರು; ಅರ್ಥಿಂಗ್ ಸರಿಯಾಗಿದೆ ಎಂದೇ ಅದು ತೋರಿಸಿತ್ತು. ಕಾರಣವಿಷ್ಟೆ: ಓಮ್ ಅಳೆಯುವಾಗ ಮೀಟರು ತಂತಿಯಲ್ಲಿ ಹರಿಸುವ ವಿದ್ಯುತ್ತು ಬಹಳ ಅಲ್ಪ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಅದು ಸಾಕು, ದೀಪಕ್ಕೆ ಸಾಲದು. ಸಣ್ಣ ಹೊಳೆಯ ಮೇಲಿನ ಕಾಲುಸಂಕದಲ್ಲಿ ಇಲಿ ದಾಟಿತೆಂದು ಎತ್ತಿನ ಗಾಡಿ ಹೊಡೆಯಲಾಗುತ್ತದೆಯೇ? ಆದ್ದರಿಂದ ಪರೀಕ್ಷೆ ಹೊರೆಯಿದ್ದಾಗಲೇ ನಡೆಯಬೇಕು. ಹೆಡ್‌ಲೈಟ್ ಹಾಕಿ, ಮೀಟರನ್ನು ವೋಲ್ಟಿಗೆ ಇಟ್ಟು, ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥಿಂಗ್ ತುದಿಗೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಹಿಡಿಯಬೇಕು. ಜೋಡಣೆ ಚೆನ್ನಾಗಿದ್ದರೆ ಸೊನ್ನೆಯ ಆಸುಪಾಸು ತೋರುತ್ತದೆ, 0.2 ವೋಲ್ಟಿಗಿಂತ ಹೆಚ್ಚಾದರೆ ಅಲ್ಲಿ ಕೆಲಸವಿದೆ ಎಂದು ತಿಳಿಯಬೇಕು. ಆ ಹಿರಿಯರು ಬೋಲ್ಟನ್ನು ಬಿಚ್ಚುವ ಮುನ್ನ ನೋಡಿದಾಗ 1 ವೋಲ್ಟಿನಷ್ಟು ಅಲ್ಲಿಯೇ ಕಳೆದುಹೋಗುತ್ತಿತ್ತು. ಉಪ್ಪುಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಗ್ರೀಸು ಸವರಿದ ಮೇಲೆ ನೋಡಿದರೆ ಸೊನ್ನೆ.

1 ವೋಲ್ಟು ತಾನೇ ಎಂದು ಹಗುರವಾಗಿ ಎಣಿಸಬೇಡಿ. ಒಂಬತ್ತನೆಯ, ಹತ್ತನೆಯ ತರಗತಿಯಲ್ಲಿ ನಾವು ಮಾಡಿದ ಓಮ್‌ನ ನಿಯಮದ ಲೆಕ್ಕ ಇಲ್ಲಿ ಒದಗುತ್ತದೆ. 6 ವೋಲ್ಟ್, 35 ವ್ಯಾಟ್ ದೀಪಕ್ಕೆ ಸುಮಾರು 6 ಆಂಪಿಯರ್ ಬೇಕು. ದಾರಿಯಲ್ಲಿ 0.2 ಓಮ್‌ನಷ್ಟು ತಡೆಯಿದ್ದರೆ ದೀಪಕ್ಕೆ ತಲುಪುವುದು ಸುಮಾರು 5 ವೋಲ್ಟು ಮಾತ್ರ. ವೋಲ್ಟೇಜ್ ಆರನೆಯ ಒಂದು ಭಾಗ ಇಳಿದರೆ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ತಡೆ 12 ವೋಲ್ಟಿನ ಗಾಡಿಯಲ್ಲಿದ್ದರೆ ಬೆಳಕಿನ ನಷ್ಟ ಶೇಕಡಾ 15ರ ಸಮೀಪ. ಹಳೆಯ 6 ವೋಲ್ಟಿನ ಗಾಡಿಗಳಲ್ಲಿ ಜೋಡಣೆಯ ಕೊಳೆ ಅಷ್ಟೊಂದು ಕಾಡುವುದು ಇದಕ್ಕಾಗಿ. ರಾತ್ರಿಯ ರಸ್ತೆಯಲ್ಲಿ ಅರ್ಧ ಬೆಳಕೆಂದರೆ ಏನೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇದೇ ಬಗೆಯ ಪ್ರಶ್ನೆಗಳು ಬೇರೆ ದೋಷಗಳಿಗೂ ಸಲ್ಲುತ್ತವೆ. ಹ್ಯಾಂಡಲನ್ನು ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಇಂಜಿನ್ ಮುಗ್ಗರಿಸಿದರೆ, ಸ್ಟೀರಿಂಗ್ ಬಳಿ ದಿನವೂ ಬಾಗಿ ಬಾಗಿ ತಂತಿ ಒಳಗೇ ತುಂಡಾಗಿರಬಹುದು; ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಏನೂ ಅರಿಯದಂತೆ ಇರುತ್ತದೆ. ಹಗಲೆಲ್ಲ ಓಡಿ, ರಾತ್ರಿ ದೀಪ ಹಾಕಿಕೊಂಡು ಅರ್ಧ ಗಂಟೆ ಹೋದ ಮೇಲೆ ಸೊರಗುವ ಗಾಡಿಯಲ್ಲಿ ಚಾರ್ಜಿಂಗ್ ಸಾಲದೆ ಬ್ಯಾಟರಿ ಬರಿದಾಗುತ್ತಿರುತ್ತದೆ. ಮಳೆಯಲ್ಲಿ ಮಾತ್ರ ಶಕ್ತಿ ಕುಂದಿದರೆ ಪ್ಲಗ್ಗಿನ ಟೊಪ್ಪಿಗೆ ಮತ್ತು ಅದರ ದಪ್ಪ ತಂತಿಯಲ್ಲಿ ಬಿರುಕು ಇದೆಯೇ ಎಂದು ನೋಡಬೇಕು. ಕತ್ತಲಲ್ಲಿ ಇಂಜಿನ್ ಚಾಲೂ ಮಾಡಿ, ಕೈ ಹಾಕದೆ ದೂರದಿಂದ ನೋಡಿದರೆ ಅಲ್ಲಿ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವುದು, ಕೆಲವು ಮೈಲಿ ಓಡಿ ನಿಂತು, ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಡುವ ಗಾಡಿ. ಕಾಯಿಲ್ ಬಿಸಿಯಾಗಿ ಒಳಗಿನ ಸುತ್ತುಗಳು ಕೈಕೊಟ್ಟರೂ ಹೀಗಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡು ಪೆಟ್ರೋಲ್ ಇಳಿಯದಿದ್ದರೂ ಹೀಗೆಯೇ ಆಗುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆರೆದು ನೋಡಿ: ಗಾಳಿ ಸುಯ್ಯೆಂದು ಒಳಗೆ ಹೋಗಿ, ಸ್ವಲ್ಪದರಲ್ಲೇ ಇಂಜಿನ್ ಚಾಲೂ ಆದರೆ ಒಂದು ಸೂಜಿಯಿಂದ ರಿಪೇರಿ ಮುಗಿಯಿತು. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ. ಆದರೂ ಮೊದಲು ಬದಲಾಗುವುದು ಕಾಯಿಲ್.

ಏಕೆ? ಕಾಯಿಲ್ಲಿಗೆ ಬಿಲ್ಲಿನಲ್ಲಿ ಒಂದು ಸಾಲು ಉಂಟು, ಸೂಜಿಗೆ ಇಲ್ಲ. ನನ್ನ ವಿದ್ಯಾರ್ಥಿ ಮೂರು ಗ್ಯಾರೇಜುಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟಾಗ ಚೌಕಾಸಿ ಮಾಡಲಿಲ್ಲ, ಏಕೆಂದರೆ ಕೈಗೆ ಹೊಸ ಡಬ್ಬಿಗಳು ಬಂದವು. ದೋಷವನ್ನು ಕಂಡುಹಿಡಿದ ಹಿರಿಯರು ಕೇಳಿದ್ದು ನೂರು ರೂಪಾಯಿ. "ಸಾಮಾನೇನೂ ಹಾಕಿಲ್ಲವಲ್ಲ ಮೇಷ್ಟ್ರೇ, ಇನ್ನೇನು ಕೇಳಲಿ?" ಎಂದರು. ನಲವತ್ತು ವರ್ಷಗಳ ವಿದ್ಯೆಗೆ ಬೆಲೆ ಕೇಳಲು ಅವರಿಗೆ ಸಂಕೋಚ. ಅದನ್ನು ಕಲಿಸಿದವರು ನಾವೇ. ಅರ್ಧ ಗಂಟೆ ಯೋಚಿಸಿದ್ದಕ್ಕೆ ಐನೂರು ಕೇಳಿದರೆ "ಒಂದು ಬೋಲ್ಟ್ ಬಿಗಿದದ್ದಕ್ಕೆ ಐನೂರೇ?" ಎಂದು ಜಗಳಕ್ಕೆ ನಿಲ್ಲುತ್ತೇವೆ. ಹೀಗಿರುವಾಗ ಅಂಗಡಿಯ ಬಾಡಿಗೆ ಕಟ್ಟಬೇಕಾದ ಯುವಕ ಬಿಡಿಭಾಗ ಬದಲಿಸದೆ ಇನ್ನೇನು ಮಾಡಿಯಾನು? ಹಳೆಯ ಗಾಡಿಗಳಿಗೆ ಇದರಿಂದ ಇನ್ನೊಂದು ನಷ್ಟವೂ ಇದೆ. ಚೆನ್ನಾಗಿರುವ ಮೂಲ ಭಾಗ ಕಸಕ್ಕೆ ಹೋಗಿ, ಆ ಜಾಗಕ್ಕೆ ಕಳಪೆ ನಕಲು ಬಂದು ಕೂರುತ್ತದೆ. ಹಳೆಯ ದೋಷ ಹಾಗೆಯೇ ಉಳಿದು ಹೊಸದೊಂದು ಸೇರಿಕೊಳ್ಳುತ್ತದೆ.

ಪತ್ತೆಗೆ ಹಣ ಕೊಟ್ಟರೆ ಮೋಸಕ್ಕೆ ದಾರಿಯಾಗದೇ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದಕ್ಕೆ ಉಪಾಯವಿದೆ: ಪುರಾವೆ ಕೇಳಿ. ರಿಪೇರಿಗೆ ಮುಂಚೆ ಮೀಟರು ಎಷ್ಟು ತೋರಿಸಿತು, ಆಮೇಲೆ ಎಷ್ಟು ತೋರಿಸಿತು? ತೆಗೆದ ಭಾಗ ಎಲ್ಲಿ? ಅದನ್ನೇ ಮತ್ತೆ ಹಾಕಿದರೆ ದೋಷ ಮರಳಿ ಬರುತ್ತದೆಯೇ? ಒಮ್ಮೆಗೆ ಒಂದನ್ನೇ ಬದಲಿಸಿ ನೋಡಿದಿರಾ? ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ದೇವರಿಗೇ ಗೊತ್ತು. ಉತ್ತರ ಸರಿಯಿದ್ದರೂ ಲೆಕ್ಕ ಬಿಡಿಸಿದ ಕ್ರಮವನ್ನು ತೋರಿಸದಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲ ಎಂಬುದು ನಿಮಗೆ ನೆನಪಿರಬೇಕು.

ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ದೋಷವನ್ನು ಹೇಳುತ್ತದೆ, ಈ ವಿದ್ಯೆ ಇನ್ನು ಬೇಕಿಲ್ಲ ಎನ್ನುವವರೂ ಇದ್ದಾರೆ. ದೇಶದಲ್ಲಿ 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಇಂಜಿನ್ ದೋಷ ಸೂಚಿಸುವ ದೀಪ, ಸಂಕೇತ ಸಂಖ್ಯೆಗಳು ಸಾಮಾನ್ಯವಾಗಿವೆ ನಿಜ. ಆದರೆ ಆ ಸಂಖ್ಯೆ ಹೇಳುವುದು ಯಾವ ಕವಲಿನಲ್ಲಿ ತೊಂದರೆ ಎಂಬುದನ್ನು ಮಾತ್ರ. ಸೆನ್ಸರ್ ಕೆಟ್ಟಿದೆಯೋ, ಅದಕ್ಕೆ ಹೋಗುವ ತಂತಿಯ ಜೋಡಣೆಗೆ ನೀರು ಹೋಗಿದೆಯೋ ಎಂಬುದನ್ನು ಮನುಷ್ಯನೇ ನೋಡಬೇಕು. ನೋಡದೆ ಸೆನ್ಸರ್ ಬದಲಿಸಿದರೆ ಬಿಲ್ಲು ಇನ್ನೂ ದೊಡ್ಡದು, ಅಷ್ಟೆ.

ಆದ್ದರಿಂದ ನಿಮ್ಮಲ್ಲಿ ನನ್ನ ಮನವಿ ಎರಡು. ಗಾಡಿ ಸತಾಯಿಸತೊಡಗಿದರೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ: ಎಷ್ಟು ದೂರ ಓಡಿತ್ತು, ಬಿಸಿಲೋ ಮಳೆಯೋ, ವೇಗವೆಷ್ಟು, ದೀಪ ಉರಿಯುತ್ತಿತ್ತೇ, ಥಟ್ಟನೆ ನಿಂತಿತೋ ಮುಗ್ಗರಿಸಿ ನಿಂತಿತೋ. ಆ ಪುಟವನ್ನು ಮೆಕ್ಯಾನಿಕ್ಕಿನ ಕೈಗೆ ಕೊಡಿ. ಎರಡನೆಯದು, ಗಾಡಿ ಒಪ್ಪಿಸುವಾಗಲೇ ಹೇಳಿಬಿಡಿ: "ಏನೂ ಬದಲಾಯಿಸಬೇಡಿ, ಮೊದಲು ಕಾರಣ ಹುಡುಕಿ, ಹುಡುಕಿದ್ದಕ್ಕೆ ಹಣ ಕೊಡುತ್ತೇನೆ." ಈ ಮಾತು ಕೇಳಿದ ಮೆಕ್ಯಾನಿಕ್ಕಿನ ಮುಖ ಹೇಗೆ ಅರಳುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಆ ಹಿರಿಯರ ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗ ಒಬ್ಬನೇ ಉಳಿದಿದ್ದಾನೆ. ಪ್ರಶ್ನೆ ಕೇಳುವ ಆ ವಿದ್ಯೆಗೆ ನಾಲ್ಕು ಕಾಸು ಹುಟ್ಟುತ್ತದೆ ಎಂದು ತಿಳಿದರೆ ಅವನೂ ಅದನ್ನು ಕಲಿತಾನು.