ನೋಟಿನ ಮೇಲೊಂದು ನಗುಮುಖ

ಮಕ್ಕಳೇ, ಬ್ಯಾಂಕಿನಲ್ಲಿ ವರ್ಷಗಟ್ಟಲೆ ನೋಟು ಎಣಿಸಿದವನು ನಾನು. ಯಾವ ದೇಶದ ನೋಟು ಕಂಡರೂ ಅದರ ಚಿತ್ರ ನೋಡದೆ ಬಿಡುವುದಿಲ್ಲ. ಮೆಕ್ಸಿಕೊ ದೇಶ 2021ರಲ್ಲಿ ಹೊರತಂದ 50 ಪೆಸೊ ನೋಟಿನಲ್ಲಿ ನಗುಮುಖದ ಒಂದು ಪುಟ್ಟ ಪ್ರಾಣಿಯಿದೆ. ಹೆಸರು ಆಕ್ಸಲಾಟಲ್. ಮೈನ್‌ಕ್ರಾಫ್ಟ್ ಆಡುವ ಮೊಮ್ಮಕ್ಕಳಿಗೆ ಇದು ಹಳೆಯ ಗೆಳೆಯ. ಅಜ್ಜ-ಅಜ್ಜಿಯರಿಗೆ ನಾನು ಪರಿಚಯ ಮಾಡಿಸುತ್ತೇನೆ.

ಇದೊಂದು ಸಾಲಮಾಂಡರ್, ಕಪ್ಪೆಯ ದೂರದ ನೆಂಟ. ಗೊದಮೊಟ್ಟೆ ಬೆಳೆದು ಕಪ್ಪೆಯಾದಾಗ ಕಿವಿರು ಹೋಗುತ್ತದೆ, ದಡ ಹತ್ತುತ್ತದೆ. ಆಕ್ಸಲಾಟಲ್ ಮಾತ್ರ ಮೊಟ್ಟೆಯಿಡುವ ವಯಸ್ಸಾದರೂ ಬಾಲ್ಯದ ರೂಪ ಬಿಡುವುದಿಲ್ಲ. ತಲೆಯ ಎರಡೂ ಬದಿಗೆ ಗರಿಯಂಥ ಕಿವಿರು, ಬದುಕೆಲ್ಲ ನೀರಿನಲ್ಲೇ. ಕಾಲು ತುಂಡಾದರೆ ಮೂಳೆ ಸಮೇತ ಹೊಸ ಕಾಲು ಬೆಳೆಯುತ್ತದೆ! ಅದಕ್ಕೇ ಲೋಕದ ಎಷ್ಟೋ ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಾರೆ. ಗಾಜಿನ ತೊಟ್ಟಿಗಳಲ್ಲಿ ಇವು ಲಕ್ಷಗಟ್ಟಲೆ ಇವೆ.

ಆದರೆ ಸ್ವಂತ ಮನೆಯಲ್ಲಿ? ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೋಚಿಮಿಲ್ಕೊದ ಕಾಲುವೆಗಳು ಬಿಟ್ಟರೆ ಇದಕ್ಕೆ ಬೇರೆ ತವರಿಲ್ಲ. ಹಿಂದಿನವರು ಅಲ್ಲಿನ ಕೆರೆಯಲ್ಲಿ ಕೆಸರು, ಜೊಂಡು ಪೇರಿಸಿ ಚಿನಾಂಪ ಎಂಬ ತೋಟಗಳನ್ನು ಕಟ್ಟಿದರು. ತೋಟಗಳ ನಡುವಿನ ತಣ್ಣನೆಯ ಕಾಲುವೆಗಳೇ ಆಕ್ಸಲಾಟಲ್‌ನ ಮನೆ. 1998ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2014ರಲ್ಲಿ ಎಣಿಸಿದಾಗ ಸುಮಾರು 36!

ಕಾರಣ ಎರಡು. ಬೆಳೆಯುವ ನಗರದ ಕೊಳಚೆ ಒಂದು. ಜನರ ಊಟಕ್ಕೆಂದು ತಂದುಬಿಟ್ಟ ಪರದೇಶದ ಮೀನು ಇನ್ನೊಂದು: ಗೆಂಡೆ ಮತ್ತು ತಿಲಾಪಿಯ. ನಮ್ಮ ಕೆರೆಗಳಲ್ಲಿ ಜಿಲೇಬಿ ಎನ್ನುತ್ತಾರಲ್ಲ, ಅದೇ ತಿಲಾಪಿಯ. ಇವು ಆಕ್ಸಲಾಟಲ್‌ನ ಮೊಟ್ಟೆ-ಮರಿಗಳನ್ನು ನುಂಗಿದವು.

ಹಾಗಾದರೆ ತೊಟ್ಟಿಯಲ್ಲಿರುವುದನ್ನು ತಂದು ಬಿಟ್ಟರಾಯಿತಲ್ಲ ಎನ್ನುತ್ತೀರಾ? ಕೊಳಚೆ ನೀರಿಗೆ ಬಿಟ್ಟರೆ ಮತ್ತೆ ಸಾಯುತ್ತವೆ. ಮೊದಲು ಮನೆ ಸರಿಯಾಗಬೇಕು. ಅಲ್ಲಿನ ರೈತರೂ ವಿಶ್ವವಿದ್ಯಾಲಯದವರೂ ಸೇರಿ ಅದನ್ನೇ ಮಾಡುತ್ತಿದ್ದಾರೆ. ಕಾಲುವೆಯ ಬಾಯಿಗೆ ಜಾಲರಿ ಕಟ್ಟಿ ದೊಡ್ಡ ಮೀನು ತಡೆಯುತ್ತಾರೆ, ನೀರು ಸೋಸುವ ಗಿಡ ನೆಡುತ್ತಾರೆ, ಹೊಲಕ್ಕೆ ವಿಷ ಹೊಡೆಯುವುದಿಲ್ಲ. ಹೀಗೆ ಸರಿಪಡಿಸಿದ ನೀರಿಗೂ ಮನುಷ್ಯರೇ ಮಾಡಿದ ಒಂದು ಕೊಳಕ್ಕೂ ಸೇರಿ ಸಾಕಿದ 18 ಆಕ್ಸಲಾಟಲ್‌ಗಳನ್ನು ಬಿಟ್ಟು ನೋಡಿದರು. ಅವು ತಾವೇ ಬೇಟೆಯಾಡಿ ಬದುಕಿದವು, ಮರಳಿ ಹಿಡಿದವುಗಳ ತೂಕವೂ ಹೆಚ್ಚಿತ್ತು ಎಂದು 2025ರಲ್ಲಿ ವರದಿ ಬಂತು.

ಮಕ್ಕಳೇ, ಈ ವಾರ ನಿಮ್ಮ ಅಜ್ಜ-ಅಜ್ಜಿಯನ್ನು ಕೇಳಿ: ಅವರು ಚಿಕ್ಕವರಿದ್ದಾಗ ಊರ ಕೆರೆಯಲ್ಲಿ ಯಾವ ಯಾವ ಮೀನಿತ್ತು? ಅವರು ಹೇಳಿದ ಹೆಸರುಗಳನ್ನು ಬರೆದಿಡಿ. ಮುಂದಿನ ಸಲ ಊರಿಗೆ ಹೋದಾಗ ಆ ಪಟ್ಟಿ ಹಿಡಿದು, ಅವರ ಜೊತೆಗೇ ಕೆರೆಯ ಕಡೆ ಹೋಗಿ ಬನ್ನಿ.