ದುಡ್ಡು ಕೊಟ್ಟು ಕೊಳ್ಳುವ ಭಯ

ಸುಖಕ್ಕಾಗಿ ಮನುಷ್ಯ ಹಣ ತೆರುತ್ತಾನೆ, ಕಷ್ಟವನ್ನು ದೂರವಿಡುವುದಕ್ಕೂ ತೆರುತ್ತಾನೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಜೀವವಿಮೆಯ ಕಂತು ಕಟ್ಟುವುದು ಭಯದ ಭಾರ ಇಳಿಸಿಕೊಳ್ಳಲೆಂದೇ. ಆದರೆ ಅದೇ ಗೃಹಸ್ಥ ಶನಿವಾರ ಸಂಜೆ ಹೆಂಡತಿ ಮಕ್ಕಳೊಡನೆ ಹೋಗಿ, ದೆವ್ವದ ಚಿತ್ರಕ್ಕೆ ಟಿಕೆಟ್ ಕೊಂಡು, ಎರಡೂವರೆ ಗಂಟೆ ಕಾಲ ಕುರ್ಚಿಯ ಕೈ ಬಿಗಿಹಿಡಿದು ಬೆವರಿ, ಹೊರಬಂದ ಮೇಲೆ ‘ಚೆನ್ನಾಗಿ ಹೆದರಿಸಿದ್ದಾನೆ’ ಎಂದು ನಿರ್ದೇಶಕನನ್ನು ಹೊಗಳುತ್ತಾನೆ. ಎಂ.ಎ. ತರಗತಿಯಲ್ಲಿ ನಾನು ಓದಿದ ತುಷ್ಟಿಗುಣದ ಸಿದ್ಧಾಂತದಲ್ಲಿ ಈ ಮನುಷ್ಯನಿಗೆ ಸುಲಭವಾಗಿ ಜಾಗ ಸಿಗುವುದಿಲ್ಲ.

ನಮ್ಮ ಪೂರ್ವಿಕರು ಮಾತ್ರ ಅವನಿಗೆ ಜಾಗ ಮಾಡಿಕೊಟ್ಟಿದ್ದರು. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಭಯವು ಭಾವ, ಅದು ರಂಗದಲ್ಲಿ ಪಕ್ವವಾದಾಗ ರಸ. ಭಾವ ನಮ್ಮನ್ನು ಓಡಿಸುತ್ತದೆ, ರಸ ಕೂರಿಸುತ್ತದೆ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದನ್ನು ವಿವರಿಸಲು ಎತ್ತಿಕೊಂಡ ಉದಾಹರಣೆ ಶಾಕುಂತಲದ ಆರಂಭದಲ್ಲಿ ದುಷ್ಯಂತನ ಬಾಣಕ್ಕಂಜಿ ಕತ್ತು ಹೊರಳಿಸುತ್ತ ಓಡುವ ಜಿಂಕೆ. ಅಲ್ಲಿರುವ ಅಂಜಿಕೆ ನನ್ನದೂ ಅಲ್ಲ, ನನ್ನ ವೈರಿಯದೂ ಅಲ್ಲ. ಕಾಲ ದೇಶಗಳ ಹಂಗು ಕಳಚಿಕೊಂಡ ಶುದ್ಧ ಭಯ. ಹಾಗಾಗಿಯೇ ಅದನ್ನು ಸವಿಯಬಹುದು.

ಸೇವೆಯ ಆರಂಭದ ವರ್ಷಗಳಲ್ಲಿ ಕರಾವಳಿಯ ತಾಲ್ಲೂಕೊಂದರಲ್ಲಿದ್ದಾಗ ಈ ಮಾತಿನ ಪ್ರಾತ್ಯಕ್ಷಿಕೆಯನ್ನು ಕಂಡಿದ್ದೆ. ಬಯಲಾಟದಲ್ಲಿ ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷ ಬರುತ್ತದೆ. ಮೊದಲು ಚೆಂಡೆಯ ಅಬ್ಬರ, ಆಮೇಲೆ ತೆರೆಯ ಹಿಂದಿನಿಂದ ಆರ್ಭಟ, ದೀವಟಿಗೆಗೆ ಎರಚಿದ ರಾಳದ ಭುಗಿಲು, ಕೊನೆಗೆ ಆ ಬೆಳಕಿನಲ್ಲಿ ರಾಕ್ಷಸನ ಮುಖ. ನಿದ್ದೆಗಣ್ಣಿನ ಮಕ್ಕಳು ಚೀರಿ ತಾಯಿಯ ಸೆರಗಿನೊಳಗೆ ನುಗ್ಗುತ್ತಿದ್ದರು. ಮರುಕ್ಷಣ ಅದೇ ಸೆರಗಿನ ಅಂಚಿನಿಂದ ಇಣುಕುತ್ತಿದ್ದರು. ನನಗೆ ಸೋಜಿಗವೆನಿಸಿದ್ದು ಬೇರೆಯದೇ. ಕಲಾವಿದ ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಒಂದೊಂದಾಗಿ ಇಡುತ್ತಿದ್ದುದನ್ನು ಆ ಮಕ್ಕಳೇ ಚೌಕಿಯ ಬಳಿ ನಿಂತು ನೋಡಿದ್ದರು. ಬಣ್ಣವೆಂದು ತಿಳಿದಿತ್ತು, ಹೆದರಿಕೆಯೂ ಆಯಿತು. ಎರಡಕ್ಕೂ ಜಗಳವಿರಲಿಲ್ಲ.

ಇಂದಿನ ಮನೋವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಖಾರದ ಊಟ, ಅಳಿಸುವ ಹಾಡು, ಹೆದರಿಸುವ ಸಿನಿಮಾ ಇವನ್ನೆಲ್ಲ ಅಮೆರಿಕದ ಪಾಲ್ ರೋಜಿನ್ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ದೇಹ ‘ಅಪಾಯ’ ಎಂದು ಕೂಗುತ್ತದೆ, ಬುದ್ಧಿ ‘ಏನೂ ಆಗದು’ ಎನ್ನುತ್ತದೆ. ದೇಹ ಮೋಸಹೋದದ್ದನ್ನು ಕಂಡು ಮನಸ್ಸಿಗೆ ಖುಷಿ. ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಮೆಣಸಿನಕಾಯಿ ಬಜ್ಜಿಗೆ ಕೈಚಾಚುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಹಣ ಕೊಟ್ಟು ಒಳಹೋಗುವ ಭೂತಬಂಗಲೆಯೊಂದರಲ್ಲಿ 110 ಮಂದಿಯ ಎದೆಬಡಿತ ಅಳೆದು 2020ರಲ್ಲಿ ವರದಿ ಪ್ರಕಟಿಸಿದರು. ಭಯ ತೀರ ಕಡಿಮೆಯಾದರೂ ಮಜವಿಲ್ಲ, ಅತಿಯಾದರೂ ಇಲ್ಲ. ಸಂತೋಷ ಹೆಚ್ಚಾಗಿದ್ದುದು ನಡುವಿನಲ್ಲಿ. ಏರಿ ಇಳಿಯುವ ಆ ರೇಖೆಯನ್ನು ಕಂಡಾಗ ಹಳೆಯ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ತುಸು ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕೋವಿಡ್ ಕಾಲದಲ್ಲಿ ಭಯಾನಕ ಚಿತ್ರಪ್ರಿಯರು ಉಳಿದವರಿಗಿಂತ ಕಡಿಮೆ ಕಳವಳ ಅನುಭವಿಸಿದರೆಂಬ ಅಧ್ಯಯನವೊಂದು 2021ರಲ್ಲಿ ಬಂತು. ಆದರೆ ಅದು ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದರ ಮೇಲೆ ನಿಂತದ್ದು. ದೆವ್ವದ ಚಿತ್ರವನ್ನು ಔಷಧಿಯಾಗಿ ಬರೆದುಕೊಡುವಷ್ಟು ಬಲ ಅದಕ್ಕಿಲ್ಲ.

ಹಾಗಾದರೆ ಈ ಸುಖ ನಿಂತಿರುವುದು ಒಂದು ಬೇಲಿಯ ಮೇಲೆ. ಟಿಕೆಟ್ಟು, ತೆರೆ, ಪಕ್ಕದ ಕುರ್ಚಿಯ ನಗು, ‘ಶುಭಂ’ ಎಂಬ ಫಲಕ ಇವೆಲ್ಲ ಆ ಬೇಲಿಯ ಗೂಟಗಳು. ಬೇಲಿ ಕಿತ್ತರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ನಿದರ್ಶನಗಳಿವೆ. 2004ರ ‘ಆಪ್ತಮಿತ್ರ’ವನ್ನೇ ತೆಗೆದುಕೊಳ್ಳಿ. ಜನರು ದೆವ್ವವೆಂದುಕೊಂಡದ್ದನ್ನು ಮನೋರೋಗವೆಂದು ಗುರುತಿಸುವ ವೈದ್ಯನೇ ಅದರ ನಾಯಕ. ಸೌಂದರ್ಯ ಆ ಚಿತ್ರ ತೆರೆ ಕಾಣುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಮುಂದಿನ ಕಥೆಯಾದ ‘ಆಪ್ತರಕ್ಷಕ’ ಬಿಡುಗಡೆಯಾಗುವ ಮುನ್ನ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೃದಯಾಘಾತಕ್ಕೆ ಬಲಿಯಾದರು. ಇವೆರಡನ್ನೂ ಹೊಸೆದು ‘ನಾಗವಲ್ಲಿಯ ಶಾಪ’ ಎಂಬ ಮಾತು ಹಬ್ಬಿತು. ರೋಗವೆಂದು ಹೇಳಲು ಹೊರಟ ಚಿತ್ರವೇ ದೆವ್ವದ ಸಾಕ್ಷಿಯಾಗಿ ನಿಂತದ್ದು ವಿಪರ್ಯಾಸವಲ್ಲವೇ?

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಇಂದು ನಗೆಯ ನೆನಪು. ವದಂತಿಗಳೆಲ್ಲ ಹಾಗೆ ಮುಗಿಯುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್ ಮೂಲಕ ಸಾರಲಾಗಿ, ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಆ ಭಯಕ್ಕೆ ಯಾರೂ ಟಿಕೆಟ್ ಕೊಂಡಿರಲಿಲ್ಲ, ಅದಕ್ಕೆ ಕೊನೆಯ ದೃಶ್ಯವೂ ಇರಲಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೆಣ್ಣುಮಕ್ಕಳನ್ನು ಕಟ್ಟಿ ಹೊಡೆಯುವುದು ಸಿನಿಮಾದಲ್ಲಿ ಒಂದು ದೃಶ್ಯ, ಊರಿನಲ್ಲಿ ಅಪರಾಧ. ಅಂಥ ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯ 2017ರಲ್ಲಿ ಕಾಯ್ದೆ ಮಾಡಿ 2020ರಲ್ಲಿ ಜಾರಿಗೆ ತಂದಿದೆ.

ಆದ್ದರಿಂದ ಭಯಾನಕ ಚಿತ್ರಗಳನ್ನು ನಿಷೇಧಿಸಿ ಎನ್ನುವ ಹಿತೈಷಿಗಳ ಜೊತೆ ನಾನಿಲ್ಲ. ಕಥೆಯೆಂದು ಹೇಳಿಕೊಂಡು ಬರುವ ದೆವ್ವ ನಿರುಪದ್ರವಿ; ಅದಕ್ಕೆ ಪ್ರಮಾಣಪತ್ರವೂ ಇರುತ್ತದೆ. 2023ರ ತಿದ್ದುಪಡಿಯ ನಂತರ 7, 13, 16 ವರ್ಷಗಳ ಮೇಲ್ಪಟ್ಟವರಿಗೆಂದು ವರ್ಗೀಕರಣವೂ ಬಂದಿದೆ. ಮನೆಯ ಮೊಬೈಲಿನಲ್ಲಿ ಅದನ್ನು ಪರಿಶೀಲಿಸುವ ದ್ವಾರಪಾಲಕನಿಲ್ಲ ಎಂಬುದು ನಿಜ. ಅದು ಹೆತ್ತವರ ಪಾಲಿನ ಕೆಲಸ. ನನ್ನ ತಕರಾರು ಇರುವುದು ಸುದ್ದಿಯ ಕೋಟು ತೊಟ್ಟು ಬರುವ ದೆವ್ವದ ಬಗ್ಗೆ. ಪಾಳುಬಿದ್ದ ಮನೆ, ಅಲುಗುವ ಕ್ಯಾಮೆರಾ, ಎದೆ ನಡುಗಿಸುವ ಹಿನ್ನೆಲೆ ಸಂಗೀತ, ಜೊತೆಗೆ ‘ಸತ್ಯಘಟನೆ’ ಎಂಬ ಪಟ್ಟಿ. ಗ್ರಹಣ ಬಂದರಂತೂ ಇಡೀ ದಿನ ಇದೇ ವ್ಯಾಪಾರ. ಇಲ್ಲಿ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಮಗುವಿಗೆ ಯಾರೂ ತೋರಿಸುವುದಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮೂಢನಂಬಿಕೆಗೆ ಪ್ರೋತ್ಸಾಹ ಕೊಡುವ ಕಾರ್ಯಕ್ರಮವನ್ನು ಬಿತ್ತರಿಸಬಾರದೆಂದು 1994ರ ಕೇಬಲ್ ಟೆಲಿವಿಷನ್ ನಿಯಮಾವಳಿಯ 6ನೇ ನಿಯಮದಲ್ಲೇ ಇದೆ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕೆಂಬ ಕೇಂದ್ರದ ಆದೇಶವೂ ಹಳೆಯದೇ. ನಿಮ್ಮ ಜಿಲ್ಲೆಯಲ್ಲಿ ಅದು ಕಡೆಯ ಬಾರಿ ಸಭೆ ಸೇರಿದ್ದು ಯಾವಾಗ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಬಹುದು. ಶುಲ್ಕ 10 ರೂಪಾಯಿ.