ಮಂಗಟ್ಟೆಯ ಎರಡನೆಯ ಕೊಂಬು

ದಾಂಡೇಲಿಯ ಅಡವಿಯಲ್ಲಿ ಉಗಿಬಂಡಿಯಂತೆ ರೆಕ್ಕೆಯ ಸದ್ದು ಮಾಡುತ್ತ ಹಾರುವ ದೊಡ್ಡ ಮಂಗಟ್ಟೆ ಹಕ್ಕಿಯನ್ನು ಕಂಡವರು ಮರೆಯುವಂತಿಲ್ಲ. ಅದರ ಚಿತ್ರ ಬರೆಯೆಂದರೆ ಬಹುಮಂದಿ ಪಕ್ಕದಿಂದಲೇ ಬರೆಯುತ್ತಾರೆ: ಬಾಗಿದ ಭಾರಿ ಕೊಕ್ಕು, ಅದರ ಮೇಲೊಂದು ಹಳದಿ ಕೊಂಬು. ಆದರೆ 1758ರಲ್ಲಿ ಲಿನೇಯಸ್ ಪಂಡಿತನು ಈ ಹಕ್ಕಿಗಿತ್ತ ಹೆಸರು ‘ಬೈಕಾರ್ನಿಸ್’, ಎಂದರೆ ಎರಡು ಕೊಂಬಿನದು. ಎರಡನೆಯ ಕೊಂಬು ಎಲ್ಲಿ ಹೋಯಿತು?

ಹಕ್ಕಿ ಇತ್ತ ಮುಖ ತಿರುಗಿಸಿದರೆ ಉತ್ತರ ದೊರೆಯುತ್ತದೆ. ಆ ಕಿರೀಟದ ನಡುಭಾಗ ತಗ್ಗು. ಎರಡು ಅಂಚುಗಳೂ ಎದ್ದು, ಮುಂಗಡೆ ಎರಡು ಮೊನೆಗಳಾಗಿವೆ. ಪಕ್ಕದಿಂದ ನೋಡುವಾಗ ಒಂದು ಮೊನೆ ಇನ್ನೊಂದನ್ನು ಮರೆಮಾಡುತ್ತದೆ.

ಚಲಿಸುವ ಚಿತ್ರಗಳಿಗೆ ಪಾತ್ರ ರೂಪಿಸುವ ಕಲಾವಿದರು ಒಂದೇ ಪಾತ್ರವನ್ನು ಸುತ್ತಲೂ ತಿರುಗಿಸಿ ಬರೆಯುವುದು ಇದಕ್ಕಾಗಿಯೇ. ಎದುರು, ಓರೆ, ಪಕ್ಕ, ಹಿಂದಿನ ಓರೆ, ಬೆನ್ನು—ಹೀಗೆ ಐದು ನೋಟಗಳು ಒಂದೇ ಹಾಳೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಮೊದಲು ಎದುರುನೋಟವನ್ನು ಬರೆದು, ನೆತ್ತಿ, ಕಣ್ಣು, ಕೊಕ್ಕಿನ ತುದಿ, ಪಾದ ಇವುಗಳ ಮಟ್ಟದಲ್ಲಿ ಹಾಳೆಯುದ್ದಕ್ಕೂ ಅಡ್ಡಗೆರೆಗಳನ್ನು ಎಳೆಯತಕ್ಕದ್ದು. ಪಾತ್ರ ಎತ್ತ ತಿರುಗಿದರೂ ಎತ್ತರ ಆ ಗೆರೆಗಳನ್ನು ಮೀರಕೂಡದು; ಬದಲಾಗುವುದು ಅಗಲ ಮಾತ್ರ. ಎದುರಿನಿಂದ ಕಿರಿದಾಗಿ ಕಂಡ ಕೊಕ್ಕು ಪಕ್ಕದ ನೋಟದಲ್ಲಿ ನೀಳವಾಗಿ ಚಾಚುತ್ತದೆ.

ಒಂದು ಚಿತ್ರಕ್ಕೆ ದುಡಿಯುವ ಕೈಗಳು ಅನೇಕ. ಇಂಥ ಹಾಳೆಯಿಲ್ಲದಿದ್ದರೆ ಒಬ್ಬನ ಹಕ್ಕಿ ಮತ್ತೊಬ್ಬನ ಕೈಯಲ್ಲಿ ಬೇರೊಂದೇ ಹಕ್ಕಿಯಾದೀತು. 1930ರ ದಶಕದ ಕೊನೆಯಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಜೋ ಗ್ರಾಂಟರ ನೇತೃತ್ವದಲ್ಲಿ ಪಾತ್ರರಚನೆಗೆಂದೇ ಒಂದು ವಿಭಾಗವಿದ್ದಿತು. 1940ರಲ್ಲಿ ತೆರೆಕಂಡ ‘ಪಿನೋಕಿಯೋ’ದ ಪಾತ್ರಗಳನ್ನು ಅಲ್ಲಿ ಪುಟ್ಟ ಬೊಂಬೆಗಳಾಗಿಯೂ ಮಾಡಿದರು, ಚಿತ್ರಕಾರರು ಅವನ್ನು ತಿರುತಿರುಗಿಸಿ ನೋಡಿ ಬರೆಯಬಹುದಾಗಿತ್ತು.

ಮಂಗಟ್ಟೆಗಾದರೋ ಒಂದು ಹಾಳೆ ಸಾಲದು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳುಪು. ಗಂಡಿನ ಕಿರೀಟದಲ್ಲಿರುವ ಕಪ್ಪು ಹೆಣ್ಣಿಗಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯನ್ನು ಹೊಕ್ಕು ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಉಳಿದ ಸೀಳಿನಿಂದ ಗಂಡು ಹಣ್ಣುಗಳನ್ನು ಉಣಿಸುತ್ತದೆ. ಚಿತ್ರಕಾರನು ಕಣ್ಣಿನ ಬಣ್ಣವನ್ನು ಅದಲುಬದಲು ಮಾಡಿದನೋ, ತಂದೆ ಒಳಗೆ, ತಾಯಿ ಹೊರಗೆ! ಕಥೆಯೇ ತಲೆಕೆಳಗು.

ಈ ಹಕ್ಕಿಗಳಿಗಾಗಿ ದಾಂಡೇಲಿಯ ಸುತ್ತ 2011ರಲ್ಲಿ ಸಂರಕ್ಷಿತ ಪ್ರದೇಶವೊಂದನ್ನು ಘೋಷಿಸಲಾಯಿತು. ಪಟ್ಟಣದ ಮಕ್ಕಳು ಮಂಗಟ್ಟೆಯನ್ನು ಮೊದಲು ಕಾಣುವುದು ಮರದಲ್ಲಲ್ಲ, ತೆರೆಯ ಮೇಲೆ. ಮುಂದೊಂದು ದಿನ ಅವರು ಕಾಡಿಗೆ ಬಂದು ತಲೆಯೆತ್ತಿದಾಗ, ಹಕ್ಕಿ ಯಾವ ಕಡೆಗೆ ಮುಖಮಾಡಿ ಕುಳಿತಿದ್ದರೂ ಅವರಿಗೆ ಗುರುತು ಸಿಕ್ಕಬೇಕು.